ದಕಾರಕ್ಕೆ ಹಚ್ಚಿದ ಕೊಂಬು

ಸಾಕ್ಷಿ ಹೇಳಿ ಹೇಳಿ ನನಗೆ ಸಾಕಾಗಿ ಹೋಗಿದೆ. ಕೋರ್ಟಿನ ಸಾಕ್ಷಿಯಾದರೆ ಒಂದು ಸಲ ಹೇಳಿ ಕಟಕಟೆ ಇಳಿದರೆ ಮುಗಿಯಿತು. ನನ್ನದು ಸಭೆಯ ಸಾಕ್ಷಿ, ಅದಕ್ಕೆ ಇಳಿಯುವ ಮೆಟ್ಟಿಲೇ ಇರಲಿಲ್ಲ. ಹುಮನಾಬಾದಿನ ಬಸ್ ನಿಲ್ದಾಣದ ಹಿಂದೆ, ಒಂದು ಕಾಲಕ್ಕೆ ಜೋಳ, ತೊಗರಿ ತುಂಬಿಡುತ್ತಿದ್ದ ಗೋದಾಮಿನಲ್ಲಿ ನಮ್ಮ ಸಭೆ ಕೂಡುತ್ತಿತ್ತು. ಹೊಸಬರು ಯಾರೇ ಬರಲಿ, ಸಭೆಯ ಅಯ್ಯನವರು ನನ್ನ ಕಡೆ ಕೈ ತೋರಿಸಿ, "ತಂಗಿ, ಜರಾ ಎದ್ದು ನಿಂದ್ರು. ದೇವರು ನಿನಗ ಏನ್ ಮಾಡ್ಯಾನ ಹೇಳು," ಅನ್ನುತ್ತಿದ್ದರು. ನಾನು ಎದ್ದು, ಬಿಳಿ ಸೀರೆಯ ಸೆರಗು ಸರಿಮಾಡಿಕೊಂಡು ಹೇಳುತ್ತಿದ್ದೆ: ಏಳು ವರ್ಷದವಳಿದ್ದಾಗ ಸಾಯಲು ಬಿದ್ದಿದ್ದೆ, ಒಂದು ಗುಳಿಗೆ ಸಹ ನುಂಗದೆ ಬರೀ ಪ್ರಾರ್ಥನೆಯಿಂದ ಎದ್ದೆ. ಎಲ್ಲರೂ "ಹಲ್ಲೆಲೂಯಾ" ಅನ್ನುತ್ತಿದ್ದರು. ನಾನು ಕೂತುಕೊಳ್ಳುತ್ತಿದ್ದೆ.

ಅದು ಸುಳ್ಳು. ಸುಳ್ಳೆಂದು ಗೊತ್ತಿದ್ದೇ ಹೇಳುತ್ತಿದ್ದೆ. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಯಾರನ್ನು ಉದ್ಧಾರ ಮಾಡಬೇಕಾಗಿದೆ? ಬರೆದು ಹಾಕಿಬಿಡುತ್ತೇನೆ.

ನಮ್ಮ ಮನೆ ಬಸವಕಲ್ಯಾಣದಲ್ಲಿತ್ತು. ಅಪ್ಪ, ಅವ್ವ ಇಬ್ಬರೂ ನಾರಾಯಣಪುರದ ಕಡೆಯ ಹೊಲಗಳಿಗೆ ಕೂಲಿಗೆ ಹೋಗುವವರು. ನಮ್ಮ ಜಿಲ್ಲೆಯನ್ನು ಹೈದರಾಬಾದಿನಿಂದ ಬಿಡಿಸಿ ಮೈಸೂರು ರಾಜ್ಯಕ್ಕೆ ಸೇರಿಸಿದ ವರ್ಷವೇ ಊರಿಗೆ ಉಜ್ಜೀವನದವರು ಎಂಬ ಕ್ರೈಸ್ತ ಬೋಧಕರ ಗುಂಪು ಬಂತು. ಹುಣಸೆಮರಗಳ ಕೆಳಗೆ ತಾಡಪತ್ರಿ ಕಟ್ಟಿ, ಡೋಲಕ್ ಬಾರಿಸಿ, ಎರಡು ವಾರ ಕೂಟ ನಡೆಸಿದರು. ಹೈದರಾಬಾದಿನ ಕಡೆಯಿಂದ ಬಂದ ದೊಡ್ಡ ಬೋಧಕರು ಉರ್ದುವಿನಲ್ಲಿ ಮಾತಾಡುತ್ತಿದ್ದರು. ಅದನ್ನು ನಮ್ಮೂರ ಉರ್ದು ಶಾಲೆಯ ಮಾಸ್ತರರೊಬ್ಬರು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ಆಗ ಅವರಿನ್ನೂ ಇಪ್ಪತ್ತೈದರ ತೆಳ್ಳಗಿನ ಮನುಷ್ಯ, ಮದುವೆಯಾಗಿರಲಿಲ್ಲ, ದನಿ ಮಾತ್ರ ಗಂಟೆ ಹೊಡೆದ ಹಾಗೆ. ಮುಂದೆ ಹುಮನಾಬಾದಿನಲ್ಲಿ ನಮ್ಮ ಅಯ್ಯನವರಾದದ್ದು ಇದೇ ಮಾಸ್ತರರು.

ಆ ಉಜ್ಜೀವನದವರ ಬೋಧನೆ ತಿಳಿಯದಷ್ಟು ಕಷ್ಟದ್ದೇನಲ್ಲ. ಕೆರೆಯಲ್ಲಿ ಪೂರ್ತಿ ಮುಳುಗಿ ದೀಕ್ಷಾಸ್ನಾನ ತಗೋ. ಪವಿತ್ರಾತ್ಮ ಬರುವವರೆಗೆ ಕಾದು ಕೂಡು, ಬಂದಾಗ ಗೊತ್ತಿಲ್ಲದ ಭಾಷೆ ತಾನೇ ಬಾಯಿಗೆ ಬರುತ್ತದೆ. ಬಿಳಿ ಬಟ್ಟೆ ಉಡು, ಬಳೆ, ಕುಂಕುಮ, ಹೂವು, ಬಂಗಾರ ಬಿಡು. ಕಾಯಿಲೆ ಬಂದರೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿಸು, ಔಷಧದ ಗೊಡವೆಗೆ ಹೋಗಬೇಡ.

ಬಳೆಯ ವಿಷಯದಲ್ಲಿ ಆದ ಫಜೀತಿ ಹೇಳಲೇಬೇಕು. ಅವ್ವ ದೀಕ್ಷಾಸ್ನಾನ ಮಾಡಿಸಿಕೊಂಡು ಬಿಳಿ ಸೀರೆ ಉಟ್ಟು, ಬರಿಗೈ, ಬರಿ ಹಣೆಯಲ್ಲಿ ಮನೆಗೆ ಬಂದಳು. ಆಚೆ ಓಣಿಯ ಮುದುಕಿ ದೂರದಿಂದ ನೋಡಿದವಳೇ ಎದೆ ಬಡಿದುಕೊಂಡು ಓಡಿ ಬಂದು, ಅವ್ವನನ್ನು ತಬ್ಬಿಕೊಂಡು, "ಯಾವಾಗ ಆತು ನನ್ನವ್ವ! ನಮಗ ಒಂದು ಮಾತು ಹೇಳಿ ಕಳಸಬಾರದೇನ!" ಎಂದು ಅಳತೊಡಗಿದಳು. ಅಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಹುಯ್ದುಕೊಳ್ಳುತ್ತಿದ್ದ. "ಆಯೀ, ನಾ ಇನ್ನೂ ಹೋಗಿಲ್ಲ. ಚಾ ಕುಡಿದು ಹೋಗ್ತೀನಿ, ಕುಂದ್ರು," ಅಂದ. ಮುದುಕಿ ಅವನನ್ನು ಬಾಯಿಗೆ ಬಂದಂತೆ ಬೈದು ಹೋದಳು. ಅಪ್ಪ ಎಷ್ಟೋ ದಿನ ಅದನ್ನು ಹೇಳಿ ಹೇಳಿ ನಗುತ್ತಿದ್ದ. ಅವ್ವನಿಗೆ ಮಾತ್ರ ನಗು ಬರಲಿಲ್ಲ, ಬರಿಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೇ ಹೊಲಕ್ಕೆ ಹೋಗುವಳು.

ಆ ಕೂಟಗಳ ನಡುವೆಯೇ ನನಗೆ ಜ್ವರ ಬಂತು. ಇಳಿಯಲೇ ಒಲ್ಲದ ಜ್ವರ. ನನಗೆ ನೆನಪಿರುವುದು ಸ್ವಲ್ಪ: ಮೈಮೇಲೆ ಗೋಣಿಚೀಲ ಹೊರಿಸಿದಂಥ ಭಾರ, ಅವ್ವನ ಕೈಯ ಕಸಕಡ್ಡಿ ವಾಸನೆ, ನೆತ್ತಿಯ ಮೇಲೆ ಯಾರೋ ಎಣ್ಣೆ ಸವರಿ ಗಟ್ಟಿಯಾಗಿ ಏನೋ ಹೇಳುತ್ತಿದ್ದದ್ದು. ಆಮೇಲೆ ಒಂದು ದಿನ ಹಸಿವಾಗಿ ರೊಟ್ಟಿ ಕೇಳಿದೆನಂತೆ. ಅವ್ವ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಕೂಟಕ್ಕೆ ಹೋದಳು. ತಾಡಪತ್ರಿಯ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ದೊಡ್ಡ ಬೋಧಕರು ನನ್ನನ್ನು ಕಂಡು ಅವ್ವನನ್ನು ಮುಂದೆ ಕರೆದು, "ಬಚ್ಚಿ ಕಾಯಸೆ ಅಚ್ಛೀ ಹುಯೀ ಅಮ್ಮಾ?" ಎಂದು ಕೇಳಿದರು. ಹುಡುಗಿ ಯಾವುದರಿಂದ ನೆಟ್ಟಗಾದಳು ಎಂದು. ಅವ್ವ ಒಂದು ಮಾತು ಹೇಳಿದಳು. ಪಕ್ಕದಲ್ಲಿದ್ದ ಮಾಸ್ತರರು ತಮ್ಮ ಗಂಟೆಯ ದನಿಯಲ್ಲಿ, "ದುವಾದಿಂದ! ಬರೀ ಪ್ರಾರ್ಥನೆಯಿಂದ!" ಎಂದು ಕೂಗಿದರು. ಜನ ಎದ್ದು ನಿಂತು ಕುಣಿದರು. ಆ ಗದ್ದಲಕ್ಕೆ ಹೆದರಿ ನಾನು ಅವ್ವನ ಹೆಗಲಿನ ಮೇಲೆ ವಾಂತಿ ಮಾಡಿಕೊಂಡೆ, ಅದನ್ನು ಸಾಕ್ಷಿಯಲ್ಲಿ ಯಾರೂ ಸೇರಿಸುವುದಿಲ್ಲ.

ಹತ್ತು ವರ್ಷ ನಾನೂ ಅದನ್ನೇ ನಂಬಿದ್ದೆ. ನಮ್ಮ ಮನೆಯಲ್ಲಿ ಸೀಮೆಎಣ್ಣೆ ತರುವ ಒಂದು ಗಾಜಿನ ಬಾಟಲಿಯಿತ್ತು. ಅದರ ಹೊಟ್ಟೆಯ ಮೇಲೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದು ಅರ್ಧ ಕಿತ್ತು ಅಂಟಿಕೊಂಡಿತ್ತು. ಶಿಕ್ಷಕಿಯರ ತರಬೇತಿಗೆ ಹೋಗುವ ಮೊದಲು ಒಂದು ದಿನ ಅದನ್ನು ತೊಳೆಯುತ್ತ, "ಅವ್ವಾ, ಇದು ದವಾಖಾನಿ ಬಾಟ್ಲಿ ಅಲ್ಲೇನು? ಒಂದೊಂದು ಹಲ್ಲಿಗೆ ಒಂದೊಂದು ಹೊತ್ತಿನ ಔಷಧ ಅಂತ ಹಚ್ಚಿರ್ತಾರಲ್ಲ. ನಮ್ಮ ಮನ್ಯಾಗ ಯಾರಿಗೆ ತಂದಿದ್ದು?" ಅಂದೆ. ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ನಿನಗ ತಂದಿದ್ದು. ಕಂಪೌಂಡರ್‌ನ ಕಾಲು ಹಿಡದು ತಂದೆ. ಜ್ವಾಳದ ಗಡಿಗ್ಯಾಗ ಮುಚ್ಚಿಟ್ಟು, ಹೊತ್ತಿಗೊಂದು ಸಲ ಕುಡಿಸೀನಿ."

"ಮತ್ತ ಕೂಟದಾಗ ಬರೀ ದುವಾದಿಂದ ಅಂದಿ?"

"ನಾ ಎಲ್ಲಿ ಅಂದೆ? ನಾ ದವಾ ಅಂತನ ಅಂದೆ. ಮಾಸ್ತರಗ ದುವಾ ಅಂತ ಕೇಳ್ತು. ಮಂದಿ ಚಪ್ಪಾಳಿ ಹೊಡಿಯಾಕತ್ತು. ಅಷ್ಟು ಮಂದಿ ಮುಂದ ಮಾಸ್ತರಗ ತಪ್ಪು ಅನ್ನಾಕ ನಾ ಯಾರು? ಮತ್ತ ಅವರು ದುವಾ ಮಾಡಿದ್ದೂ ಖರೆನ ಅಲ? ಎರಡೂ ಕೂಡೇ ನಿನ್ನ ಮೈಯಾಗ ಹೋಗ್ಯಾವ. ಯಾವುದು ಕೆಲಸ ಮಾಡ್ತು ದೇವರಿಗೆ ಗೊತ್ತು. ಸುಮ್ಮ ಬಾಟ್ಲಿ ತೊಳಿ."

ನಮ್ಮ ಕಡೆ ಔಷಧಕ್ಕೆ ದವಾ, ಪ್ರಾರ್ಥನೆಗೆ ದುವಾ. ನಿಜಾಮನ ಕಾಲದಿಂದ ಬಾಯಿಗೆ ಹತ್ತಿದ ಮಾತು, ಎರಡೂ ದಿನಕ್ಕೆ ಹತ್ತು ಸಲ ಬರುತ್ತವೆ. ಕನ್ನಡದಲ್ಲಿ ಬರೆದರೆ ದಕಾರಕ್ಕೆ ಒಂದು ಕೊಂಬಿನ ವ್ಯತ್ಯಾಸ. ಅಷ್ಟಕ್ಕೆ ಇಷ್ಟೆಲ್ಲ ಆಯಿತಲ್ಲ ಎಂದು ನನಗೆ ಅಂದು ನಗುವೇ ಬಂತು. ಹದಿನೇಳರ ವಯಸ್ಸು, ಯಾವುದಕ್ಕೆ ನಗಬೇಕು, ಯಾವುದಕ್ಕೆ ನಗಬಾರದು ಎಂಬುದು ಎಲ್ಲಿ ತಿಳಿಯುತ್ತಿತ್ತು.

ಉಜ್ಜೀವನ ಬಸವಕಲ್ಯಾಣದಲ್ಲಿ ಬಹಳ ವರ್ಷ ನಿಲ್ಲಲಿಲ್ಲ. ದೊಡ್ಡ ಬೋಧಕರು ಬರುವುದನ್ನು ಬಿಟ್ಟರು. ನಮ್ಮ ಓಣಿಯ ಕೆಲವರು ಬುದ್ಧನ ಕಡೆ ಹೋದರು, ಕೆಲವರು ಮೆಲ್ಲಗೆ ಹಳೆಯ ದೇವರ ಕಡೆ ಹೊರಳಿದರು, ಬಳೆ ಮತ್ತೆ ಕೈಗೆ ಬಂದವು. ಮಾಸ್ತರರೊಬ್ಬರೇ ಬಿಡಲಿಲ್ಲ. ಸರ್ಕಾರಿ ನೌಕರಿಗೆ ರಾಜೀನಾಮೆ ಬರೆದುಕೊಟ್ಟು ಹುಮನಾಬಾದಿಗೆ ಹೋಗಿ, ಆ ಗೋದಾಮು ಹಿಡಿದು, ಏಳೆಂಟು ಜನರಿಂದ ಸಭೆ ಶುರು ಮಾಡಿದರು. ಪೂರ್ತಿ ದೇವಸೇವೆಗೆ ನಿಂತವನಿಗೆ ಮದುವೆ ಬೇಡ ಎಂದರು. ಬಿಳಿ ಬಟ್ಟೆ ಇಟ್ಟುಕೊಂಡರು, ಬರಿಗೈ ಇಟ್ಟುಕೊಂಡರು, ಕಾದು ಕೂಡುವ ಕೂಟ ಇಟ್ಟುಕೊಂಡರು. ಎಲ್ಲಕ್ಕಿಂತ ಗಟ್ಟಿಯಾಗಿ ಔಷಧದ ನಿಯಮ ಇಟ್ಟುಕೊಂಡರು. ಉಜ್ಜೀವನದವರು ಬೇಡ ಎಂದಷ್ಟೇ ಹೇಳುತ್ತಿದ್ದರು. ಇವರು ಗುಳಿಗೆ ನುಂಗಿದವರಿಗೆ ಪ್ರಭುಭೋಜನದ ರೊಟ್ಟಿ ಕೊಡುತ್ತಿರಲಿಲ್ಲ.

ನನಗೆ ಶಾಲೆಯ ನೌಕರಿ ಹುಮನಾಬಾದಿಗೇ ಸಿಕ್ಕಿತು. ಆ ಹೊತ್ತಿಗೆ ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದರು. ನನ್ನನ್ನು ಶಾಲೆ ಬಿಡಿಸಬಾರದು ಎಂದು ಅಪ್ಪನ ಜೊತೆ ಜಗಳಾಡಿದವರು ಈ ಮಾಸ್ತರರೇ, ಆ ಋಣ ನನ್ನ ಮೇಲಿತ್ತು. ಸಭೆಗೆ ಹೋದೆ. ಹೋದ ಮೊದಲ ಭಾನುವಾರವೇ ಅಯ್ಯನವರು ಕಣ್ಣಲ್ಲಿ ನೀರು ತಂದುಕೊಂಡು, "ನೋಡ್ರಿ, ಆ ಹುಡುಗಿ ಇಕಿನೇ," ಅಂದರು. ನೂರು ಮುಖ ನನ್ನ ಕಡೆ ತಿರುಗಿದವು. ಹೇಳಿದೆ. ಒಂದು ಸಲ ಹೇಳಿದ ಮೇಲೆ ಎರಡನೆಯ ಸಲ ಇಲ್ಲ ಅನ್ನುವುದು ಹೇಗೆ?

ಅಯ್ಯೋ, ಬದುಕಿರುವ ಸಾಕ್ಷಿಯಾಗಿರುವುದು ಎಂಥ ಪೀಡೆ ಎಂದು ಯಾರಿಗೆ ಹೇಳಲಿ. ನನಗೆ ಕೆಮ್ಮು ಬರಬಾರದು, ನೆಗಡಿ ಬರಬಾರದು, ಬಂದರೂ ಕಾಣಬಾರದು. ಸಭೆಗೆ ಹಬ್ಬಕ್ಕಷ್ಟೇ ಬರುವ ನಮ್ಮ ಯಜಮಾನರು, "ಜ್ವಾಕಿ, ಸೀನಿಗೀನೀಯ! ಸಭಾನ ಮುಳಗ್ತದ," ಎಂದು ಕಾಡಿಸುತ್ತಿದ್ದರು. ಅರೆತಲೆನೋವು ಬಂದರೆ ಹುಮನಾಬಾದಿನ ಔಷಧದ ಅಂಗಡಿಗೆ ಹೋಗುವ ಹಾಗಿರಲಿಲ್ಲ, ಯಾರಾದರೂ ಕಂಡರೆ ಮುಗಿಯಿತು. ಬಸ್ಸು ಹತ್ತಿ ರಾಜೇಶ್ವರಕ್ಕೆ ಹೋಗಿ ಗುಳಿಗೆ ತರುತ್ತಿದ್ದೆ. ಅಲ್ಲಿನ ಅಂಗಡಿಯವನು ಒಂದು ದಿನ, "ಅಕ್ಕೋರ, ಹುಮನಾಬಾದ್ನ್ಯಾಗ ಇಷ್ಟು ಅಂಗಡಿ ಅವ, ಅಲ್ಲಿ ಗುಳಿಗಿ ಸಿಗಂಗಿಲ್ಲೇನ್ರಿ?" ಎಂದು ಕೇಳಿಯೇಬಿಟ್ಟ. ಇಲ್ಲಿಯ ಗುಳಿಗೆಯೇ ನನಗೆ ಒಗ್ಗುತ್ತದೆ ಎಂದೆ. ಆ ಧಗಧಗ ಬಿಸಿಲಿನ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ತಲೆನೋವು ಎರಡು ಪಟ್ಟಾಗಿರುತ್ತಿತ್ತು.

ಇಲ್ಲಿಯವರೆಗಿನದನ್ನು ನಗುತ್ತ ಹೇಳಬಹುದು. ಮುಂದಿನದನ್ನು ಹೇಳಲು ನನಗೆ ಬಾಯಿಲ್ಲ, ಆದರೂ ಹೇಳುತ್ತೇನೆ.

ದುಬಲಗುಂಡಿಯಿಂದ ಒಬ್ಬ ಹೆಣ್ಣುಮಗಳು ಸಭೆಗೆ ಬರುತ್ತಿದ್ದಳು. ಹೊಲದ ಕೂಲಿ, ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು, ಮಾತು ಕಡಿಮೆ. ಅವಳಿಗೆ ಎರಡೂವರೆ ವರ್ಷದ ಹೆಣ್ಣುಕೂಸು. ಒಂದು ಚಳಿಗಾಲದಲ್ಲಿ ಕೂಸಿಗೆ ಕೆಮ್ಮು, ಜ್ವರ ಬಂದು ಉಸಿರಾಡುವಾಗ ಪಕ್ಕೆ ಒಳಗೆ ಸೇದುತ್ತಿತ್ತು. ಅವಳ ಅತ್ತೆ ಮನೆಯವರು ಸಭೆಯವರಲ್ಲ, ಊರಿನ ಡಾಕ್ಟರಿಗೆ ತೋರಿಸಿ, ಬೀದರಿನ ದೊಡ್ಡ ದವಾಖಾನೆಗೆ ಒಯ್ಯಿರಿ ಎಂಬ ಚೀಟಿ ಬರೆಸಿಕೊಂಡು ಬಂದಿದ್ದರು. ಅವಳು ಒಪ್ಪಲೋ ಬೇಡವೋ ಎಂದು ಅಯ್ಯನವರಿಗೆ ಹೇಳಿ ಕಳಿಸಿದಳು. ಅಯ್ಯನವರು ಶಾಲೆಗೆ ಬಂದು ನನ್ನನ್ನು ಕರೆದುಕೊಂಡು ಹೋದರು.

ಒಂದೇ ಖೋಲಿಯ ಮನೆ. ಕೂಸು ಕೌದಿಯ ಮೇಲೆ ಕಣ್ಣು ಅರೆ ತೆರೆದು ಮಲಗಿತ್ತು. ಅಯ್ಯನವರು ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿ, "ತಂಗಿ, ಇಕಿನ್ನ ನೋಡು. ಇಕಿ ಇದಕ್ಕಿಂತ ಜಾಸ್ತಿ ಬಿಮಾರ್ ಇದ್ಳು," ಎಂದು ನನ್ನನ್ನು ಮುಂದೆ ನಿಲ್ಲಿಸಿದರು. ಅವಳು ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು. ಹತ್ತಿರ ಬಂದು ನನ್ನ ಮುಂಗೈ ಹಿಡಿದು ನೋಡಿದಳು, ಸಂತೆಯಲ್ಲಿ ಗಡಿಗೆ ಬಡಿದು ನೋಡುವ ಹಾಗೆ. ನಾನು ಬಾಯಿಪಾಠವಾಗಿದ್ದ ಮಾತು ಹೇಳಿದೆ. ಗುಳಿಗೆ ಸಹ ನುಂಗದೆ, ಬರೀ ಪ್ರಾರ್ಥನೆಯಿಂದ. ಅವಳು ಬೀದರಿನ ಚೀಟಿಯನ್ನು ಮಡಚಿ ಪೆಟ್ಟಿಗೆಯೊಳಗೆ ಇಟ್ಟಳು.

ನಾಲ್ಕನೆಯ ದಿನ ಕೂಸು ಹೋಯಿತು.

ನಾನು ಆ ಮನೆಯಲ್ಲಿ ನಿಂತಾಗ ನನ್ನ ಕಣ್ಣ ಮುಂದೆ ಹಲ್ಲು ಹಲ್ಲಿನ ಕಾಗದ ಅಂಟಿದ ಆ ಬಾಟಲಿ ಇತ್ತು. ಇರಲಿಲ್ಲ ಎಂದು ಸುಳ್ಳು ಹೇಳಲಾರೆ. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅಯ್ಯನವರ ಮುಖ ನೋಡಿದೆ, ಸುಮ್ಮನಾದೆ. ಅವ್ವ ಜನ ನೋಡಿ ಸುಮ್ಮನಾಗಿದ್ದಳು. ನಾನು ಒಬ್ಬರ ಮುಖ ನೋಡಿ ಸುಮ್ಮನಾದೆ. ಅವ್ವನ ಸುಮ್ಮನಿರುವಿಕೆಯಿಂದ ಅಂದು ಯಾರೂ ಸತ್ತಿರಲಿಲ್ಲ.

ಮಣ್ಣು ಕೊಟ್ಟು ಬಂದ ಮುಂದಿನ ಭಾನುವಾರವೂ ಅವಳು ಸಭೆಗೆ ಬಂದಳು. ನನಗಿಂತ ಎರಡು ಸಾಲು ಹಿಂದೆ, ಗೋಡೆಯ ಪಕ್ಕದ ಅದೇ ಜಾಗದಲ್ಲಿ ಕೂತಳು. ಬೈಯಲಿಲ್ಲ, ಕೇಳಲಿಲ್ಲ. ನಾನು ಸಾಕ್ಷಿ ಹೇಳಲು ಎದ್ದಾಗ ತಲೆ ತಗ್ಗಿಸಿ ಕೇಳುತ್ತಿದ್ದಳು. ನಾಲ್ಕು ವರ್ಷ ನಾನು ಅವಳ ಕಣ್ಣು ತಪ್ಪಿಸಿ ಬದುಕಿದೆ. ಶಾಲೆಯಲ್ಲಿ ಒಂದನೆಯ ಇಯತ್ತೆಯ ಮಕ್ಕಳಿಗೆ ಕಾಗುಣಿತ ಹೇಳಿಸುವಾಗ ದಕಾರದ ಸರದಿ ಬಂದರೆ, ನೀವೇ ಹೇಳಿಕೊಳ್ಳಿ ಎಂದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ.

ಆಮೇಲೆ ಅಯ್ಯನವರ ಕಾಲಿಗೆ ಗಾಯವಾಯಿತು. ಚಪ್ಪಲಿ ಕಡಿದ ಸಣ್ಣ ಗಾಯ, ಆದರೆ ಮಾಯಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇತ್ತೆಂದು ಕಾಣುತ್ತದೆ, ಎಂದೂ ತೋರಿಸಿಕೊಂಡವರಲ್ಲ. ಎರಡು ತಿಂಗಳಲ್ಲಿ ಹೆಬ್ಬೆರಳು ಕಪ್ಪಗಾಗುತ್ತ ಬಂತು. ಗೋದಾಮಿನ ಪಕ್ಕದ ಅವರ ಖೋಲಿಗೆ ಹೋದರೆ ಊದಿನಕಡ್ಡಿಯ ವಾಸನೆಗೂ ಮುಚ್ಚಲಾಗದ ವಾಸನೆ. ಸಭೆಯವರು ಉಪವಾಸ ಮಾಡಿದರು, ಸರದಿಯ ಮೇಲೆ ಪ್ರಾರ್ಥನೆಗೆ ಕೂತರು. ನಾನು ಗುಟ್ಟಾಗಿ ಒಬ್ಬ ಡಾಕ್ಟರಿಗೆ ಎಲ್ಲ ವಿವರಿಸಿದೆ. ಈಗಲೇ ಔಷಧ ಶುರು ಮಾಡಿದರೆ ಕಾಲು ಉಳಿದೀತು, ಇಲ್ಲದಿದ್ದರೆ ಕಾಲಿನ ಜೊತೆ ಮನುಷ್ಯನೂ ಹೋಗುತ್ತಾನೆ ಎಂದರು.

ಒಂದು ಮಧ್ಯಾಹ್ನ ಶಾಲೆ ಬಿಟ್ಟವಳೇ ನೆಟ್ಟಗೆ ಖೋಲಿಗೆ ಹೋದೆ. ಗುಳಿಗೆಗಳನ್ನು ಸೀಮೆಸುಣ್ಣದ ಡಬ್ಬಿಯಲ್ಲಿ ಹಾಕಿಕೊಂಡಿದ್ದೆ, ನನ್ನ ಕೈಯಲ್ಲಿ ಆ ಡಬ್ಬಿ ಇದ್ದರೆ ಯಾರೂ ಕೇಳುತ್ತಿರಲಿಲ್ಲ. ಅಯ್ಯನವರು ನೋಡಿ, ಬೇಸರದಿಂದ ನಕ್ಕರು.

"ನೀನೇ ಹಿಂಗ ಮಾಡಿದ್ರ ಹ್ಯಾಂಗ ತಂಗಿ? ನೀ ಸಾಕ್ಷಿ ಇದ್ದಾಕಿ."

ನನಗೆ ಎಲ್ಲಿತ್ತೋ ಸಿಟ್ಟು. "ಸುಡ್ಲಿ ನಿಮ್ಮ ಸಾಕ್ಷಿ! ಅವ್ವ ಅವತ್ತ ದುವಾ ಅಂದಿಲ್ಲರಿ. ದವಾ ಅಂದಾಳ. ಜ್ವಾಳದ ಗಡಿಗ್ಯಾಗ ಬಾಟ್ಲಿ ಮುಚ್ಚಿಟ್ಟು ಕುಡಿಸ್ಯಾಳ. ನೀವು ತಪ್ಪು ಕೇಳಿಸ್ಕೊಂಡೀರಿ. ತಪ್ಪು ಕೇಳಿಸ್ಕೊಂಡಿದ್ದರ ಮ್ಯಾಲ ಇಷ್ಟು ದೊಡ್ಡ ಸಭಾ ಕಟ್ಟೀರಿ, ಈಗ ಅದಕ್ಕ ಕಾಲು ಕೊಡಾಕತ್ತೀರಿ!"

ಅವರ ಎದೆ ಒಡೆದುಹೋಗುತ್ತದೆ ಎಂದುಕೊಂಡೆ. ಅವರು, "ಆ ಡಬ್ಬ್ಯಾಗ ಸೀಮೆಸುಣ್ಣ ಒಂದಾದ್ರೂ ಅದ ಏನು?" ಎಂದು ಕೇಳಿದರು. ಒಂದು ತುಂಡು ಇತ್ತು, ಕೊಟ್ಟೆ. ಮಂಚದಿಂದ ಬಾಗಿ ನೆಲದ ಕಲ್ಲಿನ ಮೇಲೆ ಉರ್ದುವಿನಲ್ಲಿ ಎರಡು ಶಬ್ದ ಬರೆದರು.

"ಇದು ದವಾ. ಇದು ದುವಾ. ದುವಾದ ನಡುವ ನೋಡು, ಐನ್ ಅಂತ ಒಂದು ಅಕ್ಷರ ಬ್ಯಾರೇನೇ ಅದ. ವರ್ಷಗಟ್ಟಲೆ ಹುಡುಗರಿಗೆ ತಿದ್ದಿ ತಿದ್ದಿ ಕಲಿಸೀನಿ. ನನಗ ಹ್ಯಾಂಗ ತಪ್ಪು ಕೇಳಿಸ್ತದ ತಂಗಿ? ನನಗ ಬರಾಬರ್ ಕೇಳಿಸಿತ್ತು. ನಿಮ್ಮವ್ವ ದವಾ ಅಂತನ ಅಂದ್ಳು."

ನಾನು ನೆಲದ ಮೇಲಿನ ಆ ಎರಡು ಶಬ್ದಗಳನ್ನು ನೋಡಿದೆ. "ಮತ್ತ ಯಾಕ್ರಿ?"

"ದೊಡ್ಡವರು ನನ್ನ ಮಾರಿ ನೋಡಾಕತ್ತಿದ್ರು. ಮಂದಿ ಉಸಿರು ಹಿಡಕೊಂಡು ಕುಂತಿತ್ತು. ದವಾ ಅಂದ್ರ ಎಲ್ಲಾ ಅಲ್ಲಿಗೇ ಮುಗೀತಿತ್ತು. ಬಾಯಿಗೆ ತಾನ ಬಂತು, ಒಂದು ಕೊಂಬು ಹಚ್ಚಿದೆ. ಆಮ್ಯಾಲ ನಾನೇ ಅದನ್ನ ನಂಬಿದೆ. ನಂಬಬೇಕಂತ ನೌಕರಿ ಬಿಟ್ಟೆ, ಎಲ್ಲಾ ಬಿಟ್ಟೆ. ಇಷ್ಟೆಲ್ಲಾ ಬಿಟ್ಟ ಮ್ಯಾಲ ಅದು ಸುಳ್ಳು ಹ್ಯಾಂಗ ಆಗ್ತದ ಹೇಳು? ಈಗ ನಾ ಗುಳಿಗಿ ನುಂಗಿದ್ರ, ಸಭಾಕ್ಕ ಹೇಳಬೇಕಾಗ್ತದ. ಹೇಳದೇ ನುಂಗಿದ್ರ ಎರಡನೇ ಸಲ ಕಳ್ಳ ಆಗ್ತೀನಿ."

"ಮೊದಲ ಕಾಲು ಉಳೀಲಿ. ಆಮ್ಯಾಲ ಹೇಳ್ರಿ," ಅಂದೆ.

ಅವರು ಅತ್ತರು. ನನಗೆ ಅಳು ಬರಲಿಲ್ಲ, ದಣಿವಾಗಿತ್ತು. ಲೋಟದಲ್ಲಿ ನೀರು ಕೊಟ್ಟೆ, ನುಂಗಿದರು.

ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಹೆಬ್ಬೆರಳು ಹೋಯಿತು, ಕಾಲು ಉಳಿಯಿತು. ಡಾಕ್ಟರನ್ನು ಬಂಧುವಿನ ಹಾಗೆ ಕರೆತಂದು ತೋರಿಸಿದೆ, ಪಟ್ಟಿ ಕಟ್ಟಿದ್ದನ್ನು ಬಿಳಿ ಧೋತರದ ಅಂಚು ಮುಚ್ಚಿತು. ಮೊದಲ ಸಲ ಅವರು ಕೋಲು ಹಿಡಿದು ಸಭೆಗೆ ನಡೆದು ಬಂದ ಭಾನುವಾರ ಗೋದಾಮು ತುಂಬಿ, ಹೊರಗೂ ಜನ ನಿಂತಿದ್ದರು. ಹಳ್ಳಿ ಹಳ್ಳಿಗಳಿಂದ ಬಂದಿದ್ದರು. ಸಭೆಯ ಹಿರಿಯರೊಬ್ಬರು ಎದ್ದು, "ಅಯ್ಯನೋರಿಗೆ ದೇವರು ಶಿಫಾ ಕೊಟ್ಟಾನ! ಅಯ್ಯನೋರ, ನಿಮ್ಮ ಬಾಯಿಂದನ ಹೇಳ್ರಿ, ಯಾವುದರಿಂದ ಆರಾಮ ಆದ್ರಿ?" ಎಂದು ಕೇಳಿದರು.

"ದವಾದಿಂದ," ಅಂದರು ಅಯ್ಯನವರು.

"ಹಲ್ಲೆಲೂಯಾ! ದುವಾದಿಂದ!" ಎಂದು ಹಿರಿಯರು ಕೂಗಿದರು. ಗೋದಾಮಿನ ತಗಡು ಗದಗುಟ್ಟುವ ಹಾಗೆ ಜನ ಚಪ್ಪಾಳೆ ಹೊಡೆದರು. ಡೋಲಕ್ ಶುರುವಾಯಿತು.

ಅಯ್ಯನವರು ಆ ಗದ್ದಲದ ನಡುವೆ ನನ್ನ ಕಡೆ ನೋಡಿದರು. ಅಂದು ಹುಣಸೆಮರದ ಕೆಳಗೆ ಅವ್ವನ ಮುಖ ಹೇಗಿತ್ತೆಂದು ನಾನು ನೋಡಿರಲಿಲ್ಲ, ಹೆಗಲ ಮೇಲಿದ್ದೆ. ಇಂದು ನೋಡಿದೆ.

ಅವರು ಜುಬ್ಬದ ಕಿಸೆಯಿಂದ ಸೀಮೆಸುಣ್ಣದ ಡಬ್ಬಿ ತೆಗೆದು, ಬೈಬಲ್ ಇಡುವ ಮೇಜಿನ ಮೇಲೆ ಬೋರಲು ಹಾಕಿದರು. ಗುಳಿಗೆಗಳು ಹರಡಿದವು, ಎರಡು ಮೂರು ಉರುಳಿ ಕೆಳಗೆ ಬಿದ್ದವು. ಡೋಲಕ್ ನಿಂತಿತು.

"ಈ ದವಾದಿಂದ," ಅಂದರು. "ದಕಾರಕ್ಕ ಕೊಂಬು ಇಲ್ಲ. ಮೂವತ್ತು ವರ್ಷ ಆಗಾಕ ಬಂತು, ಇಕಿ ಅವ್ವನೂ ದವಾ ಅಂತನ ಅಂದಿದ್ಳು. ದುವಾ ಅಂತ ನಿಮಗ ಹೇಳಿದಾಂವ ನಾನು. ದುವಾ ಮಾಡ್ರಿ. ಬಿಡಬ್ಯಾಡ್ರಿ. ಆದ್ರ ದವಾಖಾನಿಗೆ ಹೋಗ್ರಿ. ನನ್ನನ್ನ ಕ್ಷಮಾ ಮಾಡ್ರಿ." ನೆಲದ ಮೇಲೆ ಮಂಡಿಯೂರಲು ಹೋದರು, ಕಾಲು ಬಗ್ಗಲಿಲ್ಲ, ಕೋಲು ಹಿಡಿದು ಹಾಗೆಯೇ ನಿಂತರು.

ನನಗೋ, ಹೇಳಿದರೆ ನೀವು ನಂಬಲಿಕ್ಕಿಲ್ಲ, ಸಂತೋಷವಾಯಿತು. ಹೊತ್ತ ಹೊರೆಯನ್ನು ಬೇರೆಯವರು ಇಳಿಸಿಕೊಂಡ ಹಾಗಾಯಿತು. ಇನ್ನು ನಾನು ಎದ್ದು ನಿಲ್ಲಬೇಕಾಗಿಲ್ಲ, ರಾಜೇಶ್ವರದ ಬಸ್ಸು ಹತ್ತಬೇಕಾಗಿಲ್ಲ, ಮುಗಿಯಿತು ಎಂದುಕೊಂಡೆ.

ಹೆಂಗಸರ ಸಾಲಿನಲ್ಲಿ, ಎರಡು ಸಾಲು ಹಿಂದೆ, ಗೋಡೆಯ ಪಕ್ಕದಿಂದ ಯಾರೋ ಎದ್ದ ಸಪ್ಪಳವಾಯಿತು. ತಿರುಗಿ ನೋಡದೆಯೇ ನನಗೆ ಗೊತ್ತಾಯಿತು. ದುಬಲಗುಂಡಿಯವಳು ಅಯ್ಯನವರ ಕಡೆ ನೋಡಲೇ ಇಲ್ಲ. ಕೂತವರನ್ನು ದಾಟಿ ಬಂದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅಂದಿನ ಹಾಗೆಯೇ ನನ್ನ ಮುಂಗೈ ಹಿಡಿದಳು. ದನಿ ಎತ್ತಲಿಲ್ಲ, ಶಾಲೆಯಲ್ಲಿ ಮಗುವಿನ ಹೆಸರು ಹಚ್ಚಲು ಬಂದ ತಾಯಿ ಕೇಳುವ ಹಾಗೆ ಕೇಳಿದಳು.

"ಅಕ್ಕೋರ, ನೀವು ನಮ್ಮ ಮನಿಗೆ ಬಂದ ದಿನ ಇದು ನಿಮಗ ಗೊತ್ತಿತ್ತೇನ್ರಿ?"

ಇಲ್ಲ ಅನ್ನಬಹುದಿತ್ತು. ಇಷ್ಟು ವರ್ಷ ಸುಳ್ಳು ಹೇಳಿದ ಬಾಯಿಗೆ ಇನ್ನೊಂದು ಭಾರವೇನಲ್ಲ.

"ಗೊತ್ತಿತ್ತು," ಅಂದೆ.

ಅವಳು ತಲೆ ಅಲ್ಲಾಡಿಸಿದಳು. ನನ್ನ ಕೈಯನ್ನು ಮೆಲ್ಲಗೆ ನನ್ನ ಮಡಿಲಲ್ಲೇ ಇಟ್ಟಳು. ಕುಪ್ಪಸದೊಳಗಿನಿಂದ ಸಣ್ಣ ಬಟ್ಟೆಯ ಚೀಲ ತೆಗೆದು, ಅದರಿಂದ ಮಡಿಕೆಗಳಲ್ಲಿ ಹರಿದುಹೋದ ಒಂದು ಕಾಗದ ಬಿಚ್ಚಿ ನನ್ನ ಮಡಿಲಿನ ಮೇಲೆ, ಕೈಯ ಪಕ್ಕದಲ್ಲಿ ಹರಡಿದಳು. ಬೀದರಿನ ಚೀಟಿ.

"ನನಗ ಓದಾಕ ಬರಂಗಿಲ್ರಿ. ಇದರಾಗ ಏನ್ ಬರದಾರ, ಓದಿ ಹೇಳ್ರಿ," ಅಂದಳು.

ನಾನು ಓದಿದೆ. ಕೂಸಿನ ಹೆಸರು, ವಯಸ್ಸು, ಕೆಳಗೆ ಒಂದೇ ಸಾಲು: ತಡಮಾಡದೆ ಕರೆದುಕೊಂಡು ಹೋಗಿರಿ, ಬದುಕುತ್ತದೆ.